ಅರಂತೋಡಿಗೆ ಹೋಗಬೇಕಿದ್ದ ಅಂಬಾಸಿಡರ್

ಸ್ಟಾರ್ಟ್ ಆಗದ ಗಾಡಿಯೂ ಮಾತಾಡುತ್ತದೆ. ಕೀಲಿ ತಿರುಗಿಸಿದಾಗ ‘ಟಕ್’ ಎಂದು ಒಂದೇ ಸದ್ದು ಮಾಡಿ ಸುಮ್ಮನಾದರೆ ಬ್ಯಾಟರಿ ಸೊರಗಿದೆ, ಇಲ್ಲವೇ ಅದರ ತಲೆಯ ಮೇಲೆ ಹಸಿರು ಕಿಲುಬು ಕೂತಿದೆ. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲು ಬರುತ್ತಿಲ್ಲ, ಅಥವಾ ಕಿಡಿ ಹಾರುತ್ತಿಲ್ಲ. ಹತ್ತಿಕೊಂಡ ಹಾಗೆ ಮಾಡಿ, ಎರಡು ಸಲ ಕೆಮ್ಮಿ, ಆರಿಹೋದರೆ ಅದು ಬೇರೆಯೇ ಕತೆ. ಆ ಕತೆ ಉದ್ದ, ಕೇಳಲು ತಾಳ್ಮೆ ಬೇಕು.

ಪುತ್ತೂರಿನ ಗ್ಯಾರೇಜುಗಳಲ್ಲಿ ಈಗ ಕೆಲಸ ಕಲಿಯುತ್ತಿರುವ ಮಕ್ಕಳು ನನ್ನನ್ನು ಕಂಡರೆ ಕೇಳುವುದುಂಟು, “ಮಾಮ, ಸ್ಕ್ಯಾನರ್ ಇಲ್ಲದೆ ನೀವೆಲ್ಲ ಹೇಗೆ ಕಂಡುಹಿಡಿಯುದು?” ನಿಂತಲ್ಲೇ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲ. ಅದಕ್ಕೇ ಬರೆಯಲು ಕೂತೆ. ಇದರಲ್ಲಿ ಪಾಠಕ್ಕಿಂತ ಹರಟೆಯೇ ಹೆಚ್ಚಾದರೆ ನನ್ನನ್ನು ಬೆಳೆಸಿದವರ ಮೇಲೆ ತಪ್ಪು ಹಾಕಿ. ಅವರು ಕಲಿಸಿದ್ದೇ ಹಾಗೆ.

ನನಗೆ ಕೆಲಸ ಕಲಿಸಿದವರು ಮೋನು ಮೇಸ್ತ್ರಿ. ಪುತ್ತೂರಿನಲ್ಲಿ ಮಾರ್ಗದ ಬದಿಗೆ ತಗಡಿನ ಮಾಡು, ಎದುರಿಗೆ ಒಂದು ಬೆಂಚು, ಪಕ್ಕದಲ್ಲೇ ಚಾ ಅಂಗಡಿ. ಮನೆಯಲ್ಲಿ ಬ್ಯಾರಿ ಭಾಷೆ, ಗಿರಾಕಿಗಳೊಡನೆ ತುಳು, ಸಿಟ್ಟು ಬಂದಾಗ ಮಲಯಾಳ, ದೊಡ್ಡ ಮನುಷ್ಯರು ಬಂದರೆ ಕನ್ನಡ. ಗಾಡಿ ತಂದವರು ಅವಸರ ಮಾಡಿದರೆ ನಮ್ಮ ಕಡೆ ತಿರುಗಿ ಹೇಳುತ್ತಿದ್ದರು, “ಗಾಡಿ ಎಲ್ಲಿಗೆ ಓಡಿಹೋಗ್ತದೆ ಮಾರಾಯ? ಓಡುದಿಲ್ಲ ಅಂತಲೇ ಅಲ್ವಾ ಇಲ್ಲಿಗೆ ತಂದದ್ದು? ಕೂತುಕೊಳ್ಳಲಿ. ಚಾ ಕುಡಿಯಲಿ.”

ಆ ಚಾದಲ್ಲಿ ಅವರ ವಿದ್ಯೆ ಇತ್ತು. ಗಿರಾಕಿ ಚಾ ಕುಡಿದು ಮುಗಿಸುವವರೆಗೆ ಬೊನೆಟ್ ತೆಗೆಯುವ ಹಾಗಿಲ್ಲ. ಗಾಡಿ ಬೆಳಿಗ್ಗೆ ನಿಂತದ್ದೋ ಸಂಜೆಯೋ, ಏರಿನಲ್ಲೋ ಇಳಿಜಾರಿನಲ್ಲೋ, ನಿಂತ ಮೇಲೆ ಎಷ್ಟು ಹೊತ್ತಿಗೆ ಪುನಃ ಹೊರಟಿತು, ಈಚೆಗೆ ಯಾರು ಕೈ ಹಾಕಿದರು, ಎಲ್ಲವನ್ನೂ ಊರಿನ ಸುದ್ದಿ ಕೇಳಿದ ಹಾಗೆ ಕೇಳುವುದು. ಕೆಲವರು ಹೆಂಡತಿಯ ಮೇಲಿನ ದೂರನ್ನೂ ಸೇರಿಸಿ ಹೇಳುತ್ತಿದ್ದರು. ಮೇಸ್ತ್ರಿ ಅದನ್ನೂ ಕೇಳುತ್ತಿದ್ದರು.

ಮಳೆಗಾಲ ಬಂತೆಂದರೆ ಬೆಳಿಗ್ಗೆ ಬೆಳಿಗ್ಗೆ ಗಾಡಿ ಎಬ್ಬಿಸುವುದೇ ಒಂದು ದೊಡ್ಡ ಕೆಲಸ. ತೇವಕ್ಕೆ, ಎಂಜಿನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಬೆವರು ಕೂತು ಕಿಡಿ ಅಡ್ಡದಾರಿ ಹಿಡಿಯುತ್ತಿತ್ತು. ಕಬಕದ ಒಬ್ಬ ಡಾಕ್ಟರಿಗೆ ಮೇಸ್ತ್ರಿ ಹೇಳಿಕೊಟ್ಟರು, ರಾತ್ರಿ ಆ ಮುಚ್ಚಳವನ್ನು ಬಿಚ್ಚಿ ಮನೆಯೊಳಗೆ ಒಣಗಿದ ಜಾಗದಲ್ಲಿ ಇಡಿ ಎಂದು. ಡಾಕ್ಟರ ತಾಯಿಗೆ ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ ಜಾಗ ಅಂತ ಕಂಡದ್ದು ಅಕ್ಕಿಯ ಡಬ್ಬ ಒಂದೇ. ಕೆಲವು ದಿನ ಬಿಟ್ಟು ಡಾಕ್ಟರು ಬಂದರು.

“ಮೇಸ್ತ್ರಿ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತದೆ. ಆದರೆ ಗಂಜಿಯಲ್ಲಿ ಗ್ರೀಸಿನ ವಾಸನೆ!”

“ಒಳ್ಳೆಯದೇ ಆಯ್ತಲ್ಲ ಡಾಕ್ಟ್ರೆ,” ಅಂದರು ಮೇಸ್ತ್ರಿ, “ಇನ್ನು ಮನೆಯವರೂ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಾರೆ.”

ಡಾಕ್ಟರು ನಕ್ಕ ನಗು ಪೇಟೆಗೆಲ್ಲ ಕೇಳಿತ್ತು.

ಆಗ ನಮ್ಮ ಹತ್ತಿರ ಇದ್ದದ್ದಾದರೂ ಎಂತ? ಕಿಡಿ ಹುಟ್ಟಿಸುವ ಪಾಯಿಂಟ್ ಉಜ್ಜಲು ಒಂದು ತುಂಡು ಮರಳುಕಾಗದ, ಅದರ ಸಂದು ನೋಡಲು ಬೆಂಕಿಪೆಟ್ಟಿಗೆಯ ರಟ್ಟು, ಬ್ಯಾಟರಿ ಸತ್ತರೆ ಮುಂದಿನಿಂದ ತಿರುಗಿಸುವ ಹ್ಯಾಂಡಲ್. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಜೊತೆಗೇ ಇಡಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಹೋಯಿತು. ಇದನ್ನು ಈಗ ಯಾರಿಗೆ ಹೇಳಲಿ? ಈಗಿನ ಗಾಡಿಗಳಿಗೆ ಹ್ಯಾಂಡಲ್ ಹಾಕುವ ತೂತೇ ಇಲ್ಲ. ಆದರೂ ಕೆಲವೊಮ್ಮೆ ಬಾವಿಯ ಹಗ್ಗ ಎಳೆಯುವಾಗಲೂ ನನ್ನ ಹೆಬ್ಬೆರಳು ತಾನಾಗಿ ಬದಿಗೆ ಸರಿದು ನಿಲ್ಲುತ್ತದೆ.

ಹೊಸ ಪದ್ಧತಿಯನ್ನು ನಾನು ಬೈಯುವುದಿಲ್ಲ. ಸ್ಕ್ಯಾನರ್ ಚುಚ್ಚಿದರೆ ಗಾಡಿ ತನ್ನ ರೋಗವನ್ನು ತಾನೇ ಹೇಳುತ್ತದೆ, ಒಳ್ಳೆಯದೇ. ಮೈಕೈ ಮಸಿಯಾಗುವುದಿಲ್ಲ, ಗಾಡಿಯ ಅಡಿಯಲ್ಲಿ ಮಲಗಿ ಬೆನ್ನು ಹಿಡಿಯುವುದಿಲ್ಲ. ನನಗೆ ಈಗ ಬೇಕೆನಿಸುವುದು ಆ ಬೆಂಚು. ಗಾಡಿ ಬಂತೆಂದರೆ ಒಂದು ಮನೆಯೇ ಬಂದ ಹಾಗೆ ಇರುತ್ತಿತ್ತು. ಯಾರಿಗೆ ಮದುವೆ, ಯಾರಿಗೆ ಕಾಯಿಲೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲ ಕಾರ್ಬೊರೇಟರಿನ ಜೊತೆಗೇ ಬಿಚ್ಚಿಕೊಳ್ಳುತ್ತಿತ್ತು. ಈಗಿನ ಗಿರಾಕಿಗಳು ಗಾಜಿನ ಕೋಣೆಯಲ್ಲಿ ಕೂತು ಮೊಬೈಲು ನೋಡುತ್ತಾರೆ. ನಾನು ಯಾವಾಗಲಾದರೂ ಅಲ್ಲಿಗೆ ಹೋಗಿ ಕೂತರೆ, ಆ ತಂಪಿನಲ್ಲಿ ಪೆಟ್ರೋಲಿನ ವಾಸನೆಯೂ ಇಲ್ಲ, ಮಾತೂ ಇಲ್ಲ.

ಮುಂದೆ ನಾನು ಪುತ್ತೂರಿನ ಹತ್ತಿರದ ಸವಣೂರಿನಲ್ಲಿ ನನ್ನದೇ ಒಂದು ಶೆಡ್ಡು ಹಾಕಿದೆ. ಹಳೆಯ ಗಾಡಿಗಳು ಒಂದೊಂದಾಗಿ ಗುಜರಿಗೆ ಹೋದವು. ಕೊನೆಕೊನೆಗೆ ಆ ಕಡೆಯಲ್ಲಿ ದಿನಾಲೂ ಓಡುವ ಅಂಬಾಸಿಡರ್ ಅಂತ ಉಳಿದದ್ದು ಕಾಣಿಯೂರಿನ ಚೆನ್ನಪ್ಪ ಗೌಡರದ್ದು ಒಂದೇ. ನಾನು ಶೆಡ್ಡಿಗೆ ಕಾಯಂ ಬಾಗಿಲು ಹಾಕುವ ಮೊದಲು ಮಾಡಿದ ಕೊನೆಯ ದೊಡ್ಡ ಕೆಲಸವೂ ಅದರದ್ದೇ.

ಚೆನ್ನಪ್ಪ ಗೌಡರಿಗೆ ಸ್ವಲ್ಪ ರಬ್ಬರು ತೋಟ, ನಾಲ್ಕು ದನ, ಮತ್ತು ಬಿಳಿ ಬಣ್ಣದ ಆ ಗಾಡಿ. ಗಾಡಿಯ ಬಗ್ಗೆ ಯಾರಾದರೂ ಕೊಂಕು ನುಡಿದರೆ ಅವರ ಮನೆಯ ಊಟಕ್ಕೂ ಹೋಗದ ಮನುಷ್ಯ. ಅವರ ಹೆಂಡತಿ ಪದ್ಮಾವತಿ, ನಮಗೆಲ್ಲ ಪದ್ದಕ್ಕ. ಪದ್ದಕ್ಕನಿಗೆ ಬಲಗಾಲು ಮಡಚಲು ಬರುವುದಿಲ್ಲ. ಮೊಣಗಂಟಿಗೆ ಆಪರೇಶನ್ ಆದ ಮೇಲೆ ಅದು ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು. ಅವರ ಅಕ್ಕ ಇರುವುದು ಸುಳ್ಯದಿಂದಲೂ ಆಚೆ, ಅರಂತೋಡಿನಲ್ಲಿ. ಆ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಫೋನು, “ಪದ್ದೂ, ನೀನು ಬರುದು ಯಾವಾಗ? ಒಮ್ಮೆ ಮುಖ ತೋರಿಸಿ ಹೋಗು.”

ಹೋಗುವುದು ಹೇಗೆ? ಅಳಿಯನ ಎತ್ತರದ ಗಾಡಿಗೆ ಹತ್ತಲಿಕ್ಕಾಗುವುದಿಲ್ಲ. ಸಣ್ಣ ಕಾರಿನಲ್ಲಿ ಕಾಲು ಚಾಚಲು ಜಾಗವಿಲ್ಲ. ರಿಕ್ಷಾದ ಮಾತೇ ಬೇಡ. ಯಾರೋ ಆಂಬುಲೆನ್ಸ್ ಮಾಡಿ ಅಂದದ್ದಕ್ಕೆ ಪದ್ದಕ್ಕ ಸಿಡುಕಿದ್ದರು, “ಜೀವ ಇರುವಾಗಲೇ ಆಂಬುಲೆನ್ಸಿನಲ್ಲಿ ಹೋಗಿ ಇಳಿದರೆ ನಮ್ಮಕ್ಕ ಹೆದರಿಯೇ ಹೋದಾಳು.” ಅಂಬಾಸಿಡರಿನ ಹಿಂದಿನ ಸೀಟು ಮಾತ್ರ ಅವರಿಗೆ ಸರಿ. ಬಾಗಿಲಿಗೆ ದಿಂಬು ಒರಗಿಸಿ, ಕಾಲು ಉದ್ದಕ್ಕೆ ಚಾಚಿ, ಮನೆಯ ಮಂಚದ ಹಾಗೆ ಕೂರಬಹುದು.

ಹೊರಟರು. ನಿಂತಿಕಲ್ಲು ಬರುವ ಮೊದಲೇ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಎಷ್ಟು ತಿರುಗಿಸಿದರೂ ಹತ್ತಿಕೊಳ್ಳಲಿಲ್ಲ. ಬಿಸಿಲಲ್ಲಿ ಕಾದು, ಕಾದು, ಮತ್ತೆ ಕೀಲಿ ಹಾಕಿದರೆ ಏನೂ ಆಗದ ಹಾಗೆ ಹೊರಟಿತು. ಆದರೆ ಮುಂದೆ ಹೋಗುವ ಧೈರ್ಯ ಇಬ್ಬರಿಗೂ ಉಳಿದಿರಲಿಲ್ಲ. ತಿರುಗಿಸಿಕೊಂಡು ಮನೆಗೆ ಬಂದರು. ಮರುದಿನ ಗೌಡರು ನನ್ನ ಶೆಡ್ಡಿಗೆ ಬಂದು ಚಾ ಕುಡಿದರು.

“ತಂಪಿರುವಾಗ ಒಂದೇ ಸಲಕ್ಕೆ ಸ್ಟಾರ್ಟ್. ಸ್ವಲ್ಪ ದೂರ ಹೋದ ಮೇಲೆ ಹೀಗೆ. ಎಂತ ಮಾಡುದು ಜನಾರ್ದನ?”

ನನಗೆ ಆಗಲೇ ಉತ್ತರ ಸಿಕ್ಕಿಬಿಟ್ಟಿತ್ತು. ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗುವುದು ಈ ಗಾಡಿಗಳ ಹಳೆಯ ಚಾಳಿ. ಟ್ಯಾಂಕಿನಿಂದ ಪೆಟ್ರೋಲು ಎಳೆಯುವ, ಎಂಜಿನ್ ಬದಿಯ ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ. ಕಾರ್ಬೊರೇಟರ್ ಬಿಚ್ಚಿದಾಗ ತಳದಲ್ಲಿ ಹಲಸಿನ ಮಯಣದ ಹಾಗೆ ಅಂಟು ಅಂಟಾದದ್ದೇನೋ ಕೂತಿತ್ತು. ಪೆಟ್ರೋಲಿನ ಕೊಳೆ ಅಂದುಕೊಂಡು ಉಜ್ಜಿ ತೆಗೆದೆ. “ಇನ್ನು ಮಡಿಕೇರಿಗೂ ಹೋಗಬಹುದು ಗೌಡ್ರೆ,” ಅಂತ ಬೆನ್ನು ತಟ್ಟಿ ಕಳಿಸಿದೆ.

ಈ ಸಲ ಬೆಳ್ಳಾರೆ ದಾಟಿ ಸ್ವಲ್ಪ ದೂರದಲ್ಲಿ ನಿಂತಿತು. ಪಂಪಿನ ಮೇಲಿನ ಬಟ್ಟೆ ಇನ್ನೂ ಒದ್ದೆಯಾಗಿಯೇ ಇತ್ತಂತೆ. ಪುನಃ ಕಾದರು, ಪುನಃ ಹಿಂದೆ ಬಂದರು. ಅರಂತೋಡಿನಲ್ಲಿ ಅಕ್ಕ ತಂಗಿಗೆಂದು ಗಂಜಿ ಮಾಡಿಸಿಟ್ಟುಕೊಂಡು ಸಂಜೆಯವರೆಗೆ ಬಾಗಿಲು ನೋಡುತ್ತ ಮಲಗಿದ್ದರಂತೆ. ಆಮೇಲೆ ಅಲ್ಲಿಂದ ಫೋನು ಮಾಡಿದ್ದು ಅಕ್ಕನ ಸೊಸೆ. “ಅತ್ತೆ ಊಟ ಕಮ್ಮಿ ಮಾಡಿದ್ದಾರೆ. ಮಾತೂ ಕಮ್ಮಿ.”

ಈ ಸುದ್ದಿ ಕೇಳಿದ ಮೇಲೆ ನನಗೆ ಶೆಡ್ಡಿನಲ್ಲಿ ಕೂರಲಾಗಲಿಲ್ಲ. ಸಾಮಾನು ಕಟ್ಟಿಕೊಂಡು ನಾನೇ ಕಾಣಿಯೂರಿಗೆ ಹೋದೆ. ಕಿಡಿಗೆ ಬೇಕಾದ ಕಾಯಿಲ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ಪಂಪು ಬಿಚ್ಚಿ ಜೋಡಿಸಿದೆ. ಓಡಿಸಿ ನೋಡಿದರೆ ಅದೇ ಕೆಮ್ಮು, ಅದೇ ನಿಲ್ಲುವುದು. ಬದಿಯಲ್ಲಿ ನಿಂತಿದ್ದ ನೆರೆಮನೆಯವನೊಬ್ಬ, “ಇದನ್ನು ಕೊಟ್ಟುಬಿಡಿ ಗೌಡ್ರೆ, ಹಳೆಯ ಗಾಡಿ ಕೂಡಿಡುವ ಹುಚ್ಚಿನವರು ತಗೊಳ್ತಾರೆ,” ಅಂದ.

“ನಿನ್ನ ಅಜ್ಜನನ್ನು ಕೊಡು ಮೊದಲು,” ಅಂದರು ಗೌಡರು.

ಅವರು ಹಾಗೆ ಹೇಳಿದರೂ ಸ್ವರ ಸೋತಿತ್ತು. ನಾನು ಕೈ ಒರಸಿಕೊಂಡು ಗಾಡಿಯ ಹತ್ತಿರ ಬಂದೆ. ನೆರಳಿಗೆ ನಿಲ್ಲಿಸಿದ ಗಾಡಿಯ ಹಿಂದಿನ ಸೀಟಿನಲ್ಲಿ, ಸರಿಯಾದ ಕೂಡಲೇ ಹೊರಡುವ ಅಂತ, ಪದ್ದಕ್ಕ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಬಟ್ಟೆಯ ಚೀಲ. ಅಕ್ಕನಿಗೆಂದು ಮಾಡಿದ ಹಪ್ಪಳ ಅದರಲ್ಲಿತ್ತು, ಎರಡು ಸಲ ಹೊರಟು ಎರಡು ಸಲ ಹಿಂದೆ ಬಂದದ್ದು. ನಾನು ಚಾದ ಲೋಟ ಹಿಡಿದು ಬಾಗಿಲ ಬಳಿ ಕುಕ್ಕರಿಸಿದೆ. ಆಗ ಹೊಳೆಯಿತು, ಗಾಡಿಯ ಬಗ್ಗೆ ಗೌಡರ ಬಾಯಿಂದ ಎಲ್ಲ ಕೇಳಿದ್ದೇನೆ, ಹಿಂದೆ ಕೂತವರನ್ನು ಒಂದು ಮಾತೂ ಕೇಳಿಲ್ಲ.

“ಪದ್ದಕ್ಕ, ಈ ಗಾಡಿ ಮೊದಲು ಹೇಗಿತ್ತು, ಈಗ ಹೇಗುಂಟು? ನಿಮಗೆ ಕೂತಲ್ಲಿ ಎಂತಾದರೂ ವ್ಯತ್ಯಾಸ ಕಾಣ್ತದಾ?”

“ನನಗೆ ಎಂತ ಗೊತ್ತುಂಟು ಜನಾರ್ದನಣ್ಣ?” ಅಂದರು. ಮತ್ತೆ ಯೋಚಿಸಿದರು. “ಮೊದಲು ಪೆಟ್ರೋಲಿನ ವಾಸನೆ ಬರ್ತಿತ್ತು. ತಿರುವಿನಲ್ಲಿ ಹೊಟ್ಟೆ ತೊಳಸಿ ಸಾಕಾಗ್ತಿತ್ತು. ಈಗ ವಾಸನೆಯೇ ಇಲ್ಲ. ಆ ಒಂದು ಸುಖ ಮಾತ್ರ ಉಂಟು.”

“ಯಾವಾಗಿಂದ ಇಲ್ಲ?”

“ಅಕ್ಕ ಬಿದ್ದ ಸುದ್ದಿ ಬಂತಲ್ಲ, ಆಗ ಇವರು ಎಂತದೋ ಮಾಡಿದ್ರು.”

ನಾನು ಗೌಡರ ಕಡೆ ತಿರುಗಿದೆ. ಅವರಿಗೆ ಅದೊಂದು ಹೇಳುವ ವಿಷಯ ಅಂತಲೇ ಅನಿಸಿರಲಿಲ್ಲ. ಟ್ಯಾಂಕಿನ ಮುಚ್ಚಳದೊಳಗಿನ ಬಿರಟೆಯ ಬಳೆ, ಅಂದರೆ ಕಾರ್ಕಿನ ವಾಶರ್, ಪುಡಿಯಾಗಿತ್ತು. ತಿರುವಿನಲ್ಲಿ ಪೆಟ್ರೋಲು ತುಳುಕಿ ವಾಸನೆ ಬರುತ್ತಿತ್ತು. ಅಷ್ಟು ದೂರದ ದಾರಿ, ಹೆಂಡತಿಗೆ ಕಷ್ಟ ಆಗಬಾರದು ಅಂತ ಒಣಗಲು ತೂಗುಹಾಕಿದ್ದ ತಮ್ಮದೇ ತೋಟದ ರಬ್ಬರ್ ಶೀಟಿನಿಂದ ಒಂದು ತುಂಡು ಕತ್ತರಿಸಿ, ಮುಚ್ಚಳದೊಳಗೆ ಅಳತೆಗೆ ಸರಿಯಾಗಿ ಕೂರಿಸಿದ್ದರು. ನಮ್ಮಲ್ಲಿ ಅದೇನು ಹೊಸತಲ್ಲ. ಕೊಡಪಾನದ ತೂತಿಗೆ, ಕಿಟಕಿಯ ಸಂದಿಗೆ, ಚಪ್ಪಲಿಯ ಅಟ್ಟೆಗೆ, ಎಲ್ಲದಕ್ಕೂ ಮನೆಯ ರಬ್ಬರು.

“ಗೌಡ್ರೆ, ಗಾಡಿ ಓಡಿಸುವ. ಅದು ನಿಲ್ಲುವವರೆಗೆ,” ಅಂದೆ.

ಪದ್ದಕ್ಕನನ್ನು ಇಳಿಸದೆಯೇ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಗಾಡಿ ಕೆಮ್ಮಿತು. ನಿಂತಿತು. ನಾನು ಇಳಿದು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ‘ಸುಂಯ್’ ಎಂದು ಗಾಳಿ ಒಳಕ್ಕೆ ನುಗ್ಗಿತು, ಬಹಳ ಹೊತ್ತು ಉಸಿರು ಕಟ್ಟಿ ಕೂತವರು ಉಸಿರೆಳೆದ ಹಾಗೆ. ಕೀಲಿ ತಿರುಗಿಸಿದರೆ ಗಾಡಿ ಗುಡುಗುಡು ಎಂದು ಎದ್ದಿತು.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಇಳಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಟ್ಯಾಂಕಿನ ಮುಚ್ಚಳದಲ್ಲಿಯೂ ಅದಕ್ಕೆಂದೇ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲಿನ ಆವಿ ತಾಗಿ ಗೌಡರ ರಬ್ಬರು ಉಬ್ಬಿ ಆ ತೂತನ್ನು ಮುಚ್ಚಿಬಿಟ್ಟಿತ್ತು. ಸ್ವಲ್ಪ ದೂರ ಹೋದ ಮೇಲೆ ಪಂಪು ಎಷ್ಟು ಎಳೆದರೂ ಪೆಟ್ರೋಲು ಬಾರದು. ನಿಲ್ಲಿಸಿ ಕಾದರೆ ಎಲ್ಲಿಂದಲೋ ಸಂದಿನಿಂದ ಗಾಳಿ ನುಸುಳಿ ಮತ್ತೆ ಸರಿಯಾಗುವುದು. ಕಾರ್ಬೊರೇಟರಿನ ತಳದ ಮಯಣವೂ ಅದೇ ರಬ್ಬರು ಕರಗಿದ್ದು. ನಾನು ಅದನ್ನು ಕೈಯಲ್ಲಿ ಹಿಡಿದೂ ಗುರುತಿಸಿರಲಿಲ್ಲ. ಬಿಸಿಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಗೌಡರು ಉಬ್ಬಿದ ರಬ್ಬರನ್ನು ಅಂಗೈಯಲ್ಲಿ ಇಟ್ಟುಕೊಂಡು ಮಾರ್ಗದ ಬದಿಯಲ್ಲಿ ನಿಂತುಬಿಟ್ಟರು. “ಆಚೆ ಅಕ್ಕ ಬಾಗಿಲು ನೋಡ್ತಾ ಮಲಗಿದ್ದಾಳೆ. ಈಚೆ ಇವಳನ್ನು ತಡೆದು ಹಿಡಿದದ್ದು ನಾನೇ ಆಯ್ತಲ್ಲ ಮಾರಾಯ.”

“ಎಂತ ತಡೆದದ್ದು!” ಪದ್ದಕ್ಕ ಒಳಗಿಂದಲೇ ಗದರಿದರು. “ನನಗೆ ವಾಂತಿ ಆಗ್ತದೆ ಅಂತ ಅಲ್ವಾ ಮಾಡಿದ್ದು? ಸಾಕು, ಬಿಸಾಡಿ ಅದನ್ನು. ವಾಂತಿ ಮಾಡಿಕೊಂಡೇ ಹೋಗುವ.”

ಮಕ್ಕಳೇ, ಗಾಡಿ ಓಡಿಸುವವರು ತಾವು ಮಾಡಿದ್ದನ್ನು ಮರೆಯುತ್ತಾರೆ, ಮುಖ್ಯವಾಗಿ ಪ್ರೀತಿಯಿಂದ ಮಾಡಿದ್ದನ್ನು. ಹಿಂದೆ ಕೂತವರನ್ನೂ ಕೇಳಿ. ಯಾವ ಯಂತ್ರ ಬಂದರೂ ಇದನ್ನು ಬಿಡಬೇಡಿ.

ಟ್ಯಾಂಕು ತೊಳೆದು, ಪೈಪಿಗೆ ಗಾಳಿ ಹೊಡೆದು, ಮುಚ್ಚಳಕ್ಕೆ ಬಿರಟೆಯದೇ ಹೊಸ ಬಳೆ ಹಾಕಿ ಕೊಟ್ಟೆ. ಮರುದಿನ ಬೆಳಿಗ್ಗೆ ಹೊರಡುವಾಗ ಗೌಡರು ನನ್ನನ್ನು ಬಿಡಲಿಲ್ಲ. ಎದುರಿನ ಸೀಟಿನಲ್ಲಿ ಕೂರಿಸಿಕೊಂಡರು. ಹಿಂದೆ ಪದ್ದಕ್ಕ ಲಿಂಬೆಹಣ್ಣು ಮೂಸುತ್ತಾ ಕೂತರು. ನಿಂತಿಕಲ್ಲು ಬಂತು, ಮೂವರೂ ಎಂಜಿನಿನ ಸದ್ದಿಗೆ ಕಿವಿಕೊಟ್ಟೆವು. ದಾಟಿತು. ಬೆಳ್ಳಾರೆ ಕಳೆದು, ಹಿಂದಿನ ಸಲ ಗಾಡಿ ನಿಂತಿದ್ದ ತಿರುವು ಬಂತು. ಅದನ್ನೂ ದಾಟಿತು. ಸುಳ್ಯ ಪೇಟೆಯಲ್ಲಿ ಚಾ ಕುಡಿಯುವ ಅಂದರೆ ಗೌಡರು ಎಂಜಿನ್ ಬಂದ್ ಮಾಡಲು ಒಪ್ಪಲಿಲ್ಲ. “ಅಲ್ಲಿ ಕುಡಿಯುವ, ಅಲ್ಲಿ ಕುಡಿಯುವ,” ಎನ್ನುತ್ತಾ ಬಸ್ಸುಗಳ ಸಂದಿನಲ್ಲೇ ನುಸುಳಿಸಿದರು. ಪಯಸ್ವಿನಿ ಹೊಳೆ ಒಮ್ಮೊಮ್ಮೆ ಮರಗಳ ನಡುವೆ ಹೊಳೆದು ಮಾಯವಾಗುತ್ತಿತ್ತು. ಆ ನಾಲ್ಕು ಸಿಲಿಂಡರಿನ ಒಂದೇ ಸಮನಾದ ದನಿ ಕೇಳುತ್ತಾ ನನಗೆ ಮೋನು ಮೇಸ್ತ್ರಿಯ ನೆನಪಾಯಿತು. ಅವರು ಇದ್ದಿದ್ದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಅರಂತೋಡಿನ ಮನೆಯ ಅಂಗಳದಲ್ಲಿ ಗಾಡಿ ನಿಂತಿತು. ಜಗಲಿಯ ಬಾಗಿಲಿನ ಎದುರಿಗೇ ಅಕ್ಕನ ಮಂಚ. ನಾನು ಮತ್ತು ಗೌಡರು ಎರಡು ಬದಿ ಹಿಡಿದು ಪದ್ದಕ್ಕನನ್ನು ಅಲ್ಲಿಗೆ ತಲುಪಿಸಿದೆವು.

ಅಕ್ಕ ತಲೆ ಮಾತ್ರ ತಿರುಗಿಸಿದರು. “ಬಂದಿಯಾ? ನಾನು ಸತ್ತ ಮೇಲೆಯೇ ನೀನು ಬರುದು ಅಂದುಕೊಂಡಿದ್ದೆ.”

“ನೀನು ಸಾಯುದಿದ್ರೆ ನಾನು ಬರ್ತಲೇ ಇರ್ಲಿಲ್ಲ,” ಅಂದರು ಪದ್ದಕ್ಕ.

ಇಬ್ಬರೂ ನಕ್ಕರು. ಆಮೇಲೆ ನಕ್ಕದ್ದು ಅಳುವಾಯಿತು. ನಾವು ಗಂಡಸರು ಹೊರಗೆ ಬಂದೆವು.

ಇಡೀ ದಿನ ಒಳಗಿಂದ ಮಾತು, ಮಾತು. ಸತ್ತವರ ಸುದ್ದಿ, ಹುಟ್ಟಿದವರ ಸುದ್ದಿ, ಸಣ್ಣದಿರುವಾಗ ಹೊಳೆಯಲ್ಲಿ ತೇಲಿಹೋದ ಒಂದು ಲಂಗದ ಸುದ್ದಿ. ಸೊಸೆ ಹೊರಗೆ ಬಂದು ಹೇಳಿದಳು, “ಅತ್ತೆ ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡ್ರು.”

ಬಿಸಿಲು ಇಳಿಯುತ್ತಿದ್ದ ಹಾಗೆ ಗೌಡರು ಎದ್ದು ನಿಂತರು. ಅವರದ್ದು ಒಂದು ಹಟ. ಹೆಂಡತಿಯ ಕಡೆಯವರ ಮನೆಯಲ್ಲಿ ಮದುವೆಯಾದಂದಿನಿಂದ ಒಂದು ರಾತ್ರಿಯೂ ಉಳಿದವರಲ್ಲ. ದನ ಕರೆಯಲು ಮಗ ಇದ್ದಾನೆ, ಆದರೂ ಸಂಜೆಗೆ ತಮ್ಮ ಮನೆ ಸೇರಲೇಬೇಕು. ಅವರನ್ನು ಬಿಟ್ಟು ಪದ್ದಕ್ಕ ಒಬ್ಬರೇ ಉಳಿದದ್ದೂ ಇಲ್ಲ, ಉಳಿಯುತ್ತೇನೆಂದು ಕೇಳಿದ್ದೂ ಇಲ್ಲ.

“ಹೊರಡುವ,” ಅಂದರು ಗೌಡರು, ಮುಖ ತೊಳೆಯಲು ಬಾವಿಕಟ್ಟೆಗೆ ನಡೆದರು. ಒಳಗೆ ಮಾತು ನಿಂತಿತು.

ಪದ್ದಕ್ಕ ಗೋಡೆ ಹಿಡಿದುಕೊಂಡು ಜಗಲಿಯವರೆಗೆ ಬಂದರು. ನಾನು ಕೈ ಕೊಡಲು ಹತ್ತಿರ ಹೋದೆ. ಅವರು ಬಾವಿಯ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ ಕೇಳಿದರು:

“ಜನಾರ್ದನಣ್ಣ, ಇದು ಸ್ಟಾರ್ಟ್ ಆಗದ ಹಾಗೆ ಮಾಡ್ಲಿಕ್ಕೂ ಬರ್ತದಾ ನಿಮಗೆ?”

ನನ್ನ ಇಡೀ ಜೀವಮಾನದಲ್ಲಿ ಯಾರೂ ಕೇಳದ ಕೆಲಸ. ನಾನು ರೇಡಿಯೇಟರಿನ ನೀರು ನೋಡುವವನ ಹಾಗೆ ಬೊನೆಟ್ ಎತ್ತಿದೆ. ಕಾಯಿಲಿನಿಂದ ಕಿಡಿ ತರುವ ದಪ್ಪ ವಯರನ್ನು ಎಳೆದು, ನೋಡಿದವರಿಗೆ ಜಾಗದಲ್ಲೇ ಇದೆ ಅನಿಸುವ ಹಾಗೆ ಒರಗಿಸಿಟ್ಟು, ಮುಚ್ಚಿದೆ.

ಗೌಡರು ಬಂದು ಕೂತು ಕೀಲಿ ತಿರುಗಿಸಿದರು. ಎಂಜಿನ್ ಚುರುಕಾಗಿ ತಿರುಗಿತು, ಹತ್ತಿಕೊಳ್ಳಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು. ಆಮೇಲೆ ಎದುರಿಗೆ ಬಂದು ಬೊನೆಟ್ ಎತ್ತಿದರು. ಅಷ್ಟು ವರ್ಷ ಆ ಗಾಡಿಯೊಡನೆ ಬಾಳಿದ ಮನುಷ್ಯ. ಅವರ ಕೈ ನೇರವಾಗಿ ಆ ವಯರಿಗೇ ಹೋಯಿತು. ಮುಟ್ಟಿದರೆ ಅಲ್ಲಾಡಿತು.

ಅವರು ನನ್ನನ್ನು ನೋಡಿದರು. ನಾನು ಬೇಲಿಯ ದಾಸವಾಳ ನೋಡಿದೆ. ಅವರು ಜಗಲಿಯ ಕಡೆ ನೋಡಿದರು. ಪದ್ದಕ್ಕ ನೆಲ ನೋಡುತ್ತಿದ್ದರು. ಅವರ ಹಿಂದೆ, ತೆರೆದ ಬಾಗಿಲಿನಲ್ಲಿ, ಮಂಚದಿಂದ ಅರ್ಧ ಎದ್ದ ಅಕ್ಕನ ಬಿಳಿ ತಲೆ.

“ಎಂತ ಚೆನ್ನಪ್ಪ,” ಒಳಗಿಂದ ಅಕ್ಕನ ಸ್ವರ ಬಂತು, “ನಿನ್ನ ಡಬ್ಬ ಗಾಡಿ ಪುನಃ ಕೈ ಕೊಟ್ಟಿತಾ?”

ಗೌಡರು ವಯರಿನಿಂದ ಕೈ ತೆಗೆದರು. ಬೊನೆಟನ್ನು ಮೆಲ್ಲಗೆ ಇಳಿಸಿ, ಅದರ ಮೇಲೆ ಒಮ್ಮೆ ಕೈಯಾಡಿಸಿದರು.

“ಹೌದಕ್ಕ, ಡಬ್ಬವೇ ಇದು,” ಅಂದರು. “ಇನ್ನು ಬೆಳಿಗ್ಗೆಯೇ ನೋಡುದು.” ಮತ್ತೆ ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಪದ್ದಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.